ಮದುವೆ ಮನೆಗೆ ಡ್ರೋನ್ ಬೇಕಾ? ಮೊದಲು ಆಕಾಶದ ನಕಾಶೆ ನೋಡಿ

ರಮಝಾನ್ ಮುಗಿದು ಶವ್ವಾಲ್ ಬಂತೆಂದರೆ ನಮ್ಮ ಕಡೆ ಮದುವೆಗಳ ಸಾಲು ಶುರುವಾಗ್ತದೆ. ಗಲ್ಫ್‌ನಲ್ಲಿರುವವರ ರಜೆ, ಇಲ್ಲಿಯ ಶಾಲೆಗಳ ರಜೆ, ಹಾಲ್ ಸಿಗುವ ದಿನ, ಈ ಮೂರೂ ಒಟ್ಟಿಗೆ ಸಿಗುವುದು ಕಷ್ಟ. ಸಿಕ್ಕಿದ ಮೇಲೆ ಪಟ್ಟಿ ಬೆಳೆಯುತ್ತದೆ: ಬಿರಿಯಾನಿಗೆ ಯಾರು, ಸ್ಟೇಜ್ ಯಾರದ್ದು, ವೀಡಿಯೋ ಯಾರದ್ದು. ಹತ್ತು ವರ್ಷದ ಹಿಂದೆ ಆ ಪಟ್ಟಿಯಲ್ಲಿ ಇರದಿದ್ದ ಒಂದು ಹೆಸರು ಈಗ ಖಾಯಂ ಆಗಿದೆ. ಅದು ಡ್ರೋನ್. "ಡ್ರೋನ್ ಶಾಟ್ ಉಂಟಲ್ಲ?" ಎಂದು ಕೇಳದೆ ಯಾರೂ ವೀಡಿಯೋದವರಿಗೆ ಅಡ್ವಾನ್ಸ್ ಕೊಡುವುದಿಲ್ಲ.

ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವುದೂ ಸರಿಯಲ್ಲ. ರಜೆ ಸಿಗದೆ ಜಿದ್ದಾದಲ್ಲೋ ರಿಯಾದ್‌ನಲ್ಲೋ ಉಳಿದುಬಿಟ್ಟ ಉಪ್ಪನಿಗೆ, ಅಣ್ಣನಿಗೆ ಮದುವೆ ಕಾಣುವುದು ಮೊಬೈಲ್‌ನಲ್ಲೇ. ಮನೆಯ ಹೊಸ ಮಹಡಿ, ಚಪ್ಪರ, ತೋಟ, ಅಂಗಳ ತುಂಬಿದ ನೆಂಟರು, ಎಲ್ಲವನ್ನೂ ಮೇಲಿನಿಂದ ಒಂದೇ ಸಲ ನೋಡುವಾಗ ಅವರಿಗೆ ಆಗುವ ಖುಷಿ ಸುಳ್ಳಲ್ಲ.

ಆದರೆ ಈ ಅರ್ಧ ನಿಮಿಷದ ಶಾಟ್‌ಗೆ ಕಾನೂನು ಉಂಟು ಎನ್ನುವುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದವರೂ "ಅದು ವೀಡಿಯೋದವರ ತಲೆನೋವು, ನಮಗೇನು?" ಎಂದು ಬಿಡುತ್ತಾರೆ. ಹಾರಿಸುವವನು ವೀಡಿಯೋದವನೇ ಇರಬಹುದು, ಹಾರುವುದು ನಮ್ಮ ಮನೆಯ ಅಂಗಳದಿಂದ, ನಮ್ಮ ಹೇಳಿಕೆಯ ಮೇಲೆ. ಪೊಲೀಸರು ಬಂದರೆ ಬರುವುದೂ ನಮ್ಮ ಮದುವೆ ಚಪ್ಪರಕ್ಕೇ. ಹಾಗಾಗಿ ಬುಕ್ ಮಾಡುವ ಮನೆಯವರೇ ನಾಲ್ಕು ವಿಷಯ ತಿಳಿದಿರಬೇಕು.

ಆಕಾಶಕ್ಕೂ ಮೂರು ಬಣ್ಣ

ದೇಶದಲ್ಲಿ ಈಗ ಇರುವುದು 2021ರ ಆಗಸ್ಟ್ 25ರಂದು ಹೊರಡಿಸಿದ ಡ್ರೋನ್ ನಿಯಮಗಳು. ಅದಕ್ಕಿಂತ ಮೊದಲಿನ ನಿಯಮಗಳಲ್ಲಿ ಅರ್ಜಿ, ಶುಲ್ಕ, ಅನುಮತಿಗಳ ಸರಮಾಲೆ ಇತ್ತು. ಹೊಸ ನಿಯಮ ತುಂಬ ಸಡಿಲವಾಗಿದೆ. ಆದರೆ ಒಂದು ವಿಷಯದಲ್ಲಿ ಸಡಿಲಿಕೆ ಇಲ್ಲ: ಎಲ್ಲಿ ಹಾರಿಸುತ್ತೀರಿ ಎನ್ನುವುದರಲ್ಲಿ.

ಸರಕಾರದ 'ಡಿಜಿಟಲ್ ಸ್ಕೈ' ಜಾಲತಾಣದಲ್ಲಿ ಇಡೀ ದೇಶದ ವಾಯುಪ್ರದೇಶದ ನಕಾಶೆ ಉಂಟು. ಅದರಲ್ಲಿ ಮೂರು ಬಣ್ಣ. ಹಸಿರು ಎಂದರೆ ಗ್ರೀನ್ ಝೋನ್. ಇಲ್ಲಿ ನೆಲದಿಂದ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಹಾರಿಸಲು ವಿಮಾನಯಾನ ಇಲಾಖೆಯ ಮುಂಗಡ ಅನುಮತಿ ಬೇಡ. ಹಳದಿ ಎಂದರೆ ಯೆಲ್ಲೋ ಝೋನ್. ಇಲ್ಲಿ ವಾಯು ಸಂಚಾರ ನಿಯಂತ್ರಕರ, ಅಂದರೆ ಏಟಿಸಿಯ ಅನುಮತಿ ಬೇಕೇ ಬೇಕು. ಕೆಂಪು ಎಂದರೆ ರೆಡ್ ಝೋನ್. ಕೇಂದ್ರ ಸರಕಾರದ ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ಮೇಲೇರುವ ಹಾಗೇ ಇಲ್ಲ. ಮದುವೆ ವೀಡಿಯೋಕ್ಕಾಗಿ ಆ ಅನುಮತಿ ತರುವವರು ಯಾರಿದ್ದಾರೆ? ಕೆಂಪು ಕಂಡರೆ ಡ್ರೋನ್ ಇಲ್ಲ ಎಂದೇ ಇಟ್ಟುಕೊಳ್ಳಿ.

ವಿಮಾನ ನಿಲ್ದಾಣ ಇರುವ ಊರಿಗೆ ಇನ್ನೊಂದು ಲೆಕ್ಕ. ನಿಲ್ದಾಣದ ಆವರಣ ಗೋಡೆಯಿಂದ 5 ಕಿ.ಮೀ. ಒಳಗೆ ಕೆಂಪು. 5ರಿಂದ 8 ಕಿ.ಮೀ.ವರೆಗೆ ನೆಲದಿಂದಲೇ ಹಳದಿ. ಅಂದರೆ ಅಲ್ಲಿ ಹತ್ತು ಅಡಿ ಹಾರಿಸುವುದಾದರೂ ಅನುಮತಿ ಬೇಕು. 8ರಿಂದ 12 ಕಿ.ಮೀ.ವರೆಗೆ 200 ಅಡಿ, ಅಂದರೆ 60 ಮೀಟರ್ ತನಕ ಹಸಿರು, ಅದರಿಂದ ಮೇಲೆ ಹಳದಿ. 12 ಕಿ.ಮೀ. ದಾಟಿದ ಮೇಲೆ ಬೇರೆ ನಿರ್ಬಂಧ ಇಲ್ಲದಿದ್ದರೆ 400 ಅಡಿಯ ಸಾಮಾನ್ಯ ನಿಯಮ.

ಇದನ್ನು ಮಂಗಳೂರಿಗೆ ಹೊಂದಿಸಿ ನೋಡೋಣ. ರಸ್ತೆಯ ಕಿಲೋಮೀಟರ್ ಅಲ್ಲ, ಹಕ್ಕಿ ಹಾರುವ ನೇರ ದೂರ ಲೆಕ್ಕಕ್ಕೆ ಬರುವುದು. ಕೆಂಜಾರು, ಬಜ್ಪೆ ಪೇಟೆ, ಮರವೂರು, ಅದ್ಯಪಾಡಿ, ಇವೆಲ್ಲ ನಿಲ್ದಾಣದ ಮಗ್ಗುಲಲ್ಲೇ ಇರುವ ಊರುಗಳು. ಅಲ್ಲಿ ಪ್ರಶ್ನೆಯೇ ಇಲ್ಲ. ಜೋಕಟ್ಟೆ, ಕಾವೂರು, ಗುರುಪುರದ ಕಡೆ ಗೆರೆ ಹಾದುಹೋಗುವ ಅಂಚಿನಲ್ಲಿವೆ. ಒಂದೇ ಊರಿನ ಈ ಮನೆ ಕೆಂಪಿನಲ್ಲಿ, ಆ ಮನೆ ಹಳದಿಯಲ್ಲಿ ಬೀಳಬಹುದು. ಬಂದರ್, ಹಂಪನಕಟ್ಟೆ, ಕಂಕನಾಡಿಯ ಹಾಲ್‌ಗಳು ಸುಮಾರಾಗಿ 8ರಿಂದ 12 ಕಿ.ಮೀ. ನಡುವಿನ ಪಟ್ಟಿಯಲ್ಲಿ ಬರುತ್ತವೆ. ಉಳ್ಳಾಲ, ದೇರಳಕಟ್ಟೆ ಆ ವೃತ್ತದಿಂದ ಹೊರಗೆ.

ಇದು ಅಂದಾಜು ಮಾತ್ರ. ನಮ್ಮದು ಬರೀ ವಿಮಾನ ನಿಲ್ದಾಣದ ಊರಲ್ಲ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಉಂಟು, ಕರಾವಳಿ ಕಾವಲು ಪಡೆ ಉಂಟು, ಆಚೆ ಎಂಆರ್‌ಪಿಎಲ್ ಉಂಟು. ಬಂದರು, ಎಂಆರ್‌ಪಿಎಲ್, ವಿಮಾನ ನಿಲ್ದಾಣ ಮೂರನ್ನೂ ಕಾಯುವುದು ಸಿಐಎಸ್‌ಎಫ್. ಇಂತಹ ಜಾಗಗಳ ಸುತ್ತ ಡ್ರೋನ್ ಕಂಡರೆ ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ ಊರಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಹಾಲ್ ಇರುವ ಜಾಗವನ್ನೇ ನಕಾಶೆಯಲ್ಲಿ ಒತ್ತಿ ನೋಡಬೇಕು.

ಒಮ್ಮೆ ನೋಡಿದರೂ ಸಾಲದು. ಗಣ್ಯರ ಭೇಟಿಯೋ ಬೇರೆ ತುರ್ತೋ ಇದ್ದರೆ ಎಸ್ಪಿ ಅಥವಾ ಅದಕ್ಕೆ ಸಮಾನ ದರ್ಜೆಗಿಂತ ಕೆಳಗಿನವರಲ್ಲದ ಅಧಿಕಾರಿ ಒಂದು ಪ್ರದೇಶವನ್ನು ತಾತ್ಕಾಲಿಕ ರೆಡ್ ಝೋನ್ ಎಂದು ಘೋಷಿಸಬಹುದು. ಒಂದು ಸಲಕ್ಕೆ ಗರಿಷ್ಠ 96 ಗಂಟೆ. ತಿಂಗಳ ಹಿಂದೆ ಹಸಿರಾಗಿದ್ದ ಜಾಗ ಮದುವೆಯ ದಿನ ಬೆಳಿಗ್ಗೆ ಕೆಂಪಾಗಿರಬಹುದು. ಬಂದೋಬಸ್ತಿನ ದಿನಗಳಲ್ಲಿ ನಿಷೇಧಾಜ್ಞೆಯ ಮೂಲಕ ಡ್ರೋನ್ ನಿಲ್ಲಿಸುವುದೂ ಉಂಟು. ಅಂತಹ ಆದೇಶ ಮೀರಿದರೆ ಭಾರತೀಯ ನ್ಯಾಯ ಸಂಹಿತೆಯಡಿ ಬೇರೆಯೇ ಕೇಸು.

ಗುಡ್ಡದ ಮೇಲಿನ ರನ್‌ವೇ

"ಅಷ್ಟು ಸಣ್ಣ ವಸ್ತು, ವಿಮಾನಕ್ಕೆ ಏನಾಗ್ತದೆ ಮಾರಾಯ್ರೆ?" ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ವಿಮಾನ ಇಳಿಯುವುದು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ. ರನ್‌ವೇ ಮುಟ್ಟಲು 5 ಕಿ.ಮೀ. ಇರುವಾಗ ಅದು ರನ್‌ವೇ ಮಟ್ಟದಿಂದ ಸುಮಾರು 260 ಮೀಟರ್ ಮೇಲಿರುತ್ತದೆ. 2 ಕಿ.ಮೀ. ಇರುವಾಗ ಬರೀ 105 ಮೀಟರ್. ಈಗಿನ ಸಾಧಾರಣ ಡ್ರೋನ್ ಕೂಡ ಆ ಎತ್ತರಕ್ಕೆ ಒಂದು ನಿಮಿಷದೊಳಗೆ ಏರಬಲ್ಲದು. ಇಳಿಯುವ ವಿಮಾನದ ವೇಗಕ್ಕೆ ಅರ್ಧ ಕಿಲೋದ ಗಟ್ಟಿ ವಸ್ತು, ಅದರೊಳಗಿನ ಬ್ಯಾಟರಿ, ಇಂಜಿನ್‌ಗೋ ಗಾಜಿಗೋ ಬಡಿದರೆ ಏನಾದೀತೆಂದು ಯಾರೂ ಪರೀಕ್ಷೆ ಮಾಡಿ ನೋಡಬೇಕಾಗಿಲ್ಲ.

ಟೇಬಲ್ ಟಾಪ್ ರನ್‌ವೇ ಎಂದರೆ ಏನು ಎನ್ನುವುದನ್ನು ನಮ್ಮ ಮನೆಗಳಿಗೆ ಯಾರೂ ವಿವರಿಸಬೇಕಾಗಿಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಬದುಕಿದವರು 8 ಮಂದಿ. ಕರಾವಳಿಯ, ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಆ ದಿನದ ನೋವು ಇನ್ನೂ ಇದೆ. ಆ ದುರಂತಕ್ಕೂ ಡ್ರೋನ್‌ಗೂ ಯಾವ ಸಂಬಂಧವೂ ಇಲ್ಲ. ಆದರೆ ಈ ಗುಡ್ಡದ ಮೇಲೆ ಇಳಿಯುವ ಪೈಲಟ್‌ಗೆ ಕಡೆಯ ಕೆಲವು ನಿಮಿಷ ಎಷ್ಟು ಮುಖ್ಯ ಎನ್ನುವುದನ್ನು ನಾವು ಬಲ್ಲೆವು. ಆ ಹೊತ್ತಿನಲ್ಲಿ ಅವರ ಕಣ್ಣೆದುರು ಬೇರೇನೂ ಬರಬಾರದು.

ಬಡಿಯಲೇ ಬೇಕೆಂದಿಲ್ಲ, ಕಂಡರೂ ಸಾಕು. 2016ರಲ್ಲಿ ಡ್ರೋನ್ ಹಾರಾಟದಿಂದಾಗಿ ದುಬೈ ವಿಮಾನ ನಿಲ್ದಾಣವನ್ನು ಒಂದಕ್ಕಿಂತ ಹೆಚ್ಚು ಸಲ ಮುಚ್ಚಬೇಕಾಗಿ ಬಂದಿತ್ತು. ಜೂನ್‌ನಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ವಿಮಾನಗಳು ನಿಂತವು. 2018ರ ಡಿಸೆಂಬರ್‌ನಲ್ಲಿ ಲಂಡನ್‌ನ ಗ್ಯಾಟ್‌ವಿಕ್ ನಿಲ್ದಾಣದಲ್ಲಿ ಡ್ರೋನ್ ಕಂಡಿತೆಂಬ ವರದಿಗೇ ಸುಮಾರು 1,000 ವಿಮಾನಗಳ ಸಂಚಾರ ಕೆಟ್ಟುಹೋಯಿತು. ಮಂಗಳೂರಿನಲ್ಲಿ ಇಳಿಯಲಾಗದ ವಿಮಾನ ಬೆಂಗಳೂರಿಗೋ ಕೇರಳದ ಕಡೆಗೋ ತಿರುಗುತ್ತದೆ. ಆ ವಿಮಾನದಲ್ಲಿ ಉಪ್ಪನ ಜನಾಝಕ್ಕೆ ಓಡಿ ಬರುತ್ತಿರುವ ಮಗ ಇರಬಹುದು. ದಫನಕ್ಕೆ ಕಾಯುವ ಹೊತ್ತು ನಮ್ಮಲ್ಲಿ ಎಷ್ಟೆಂದು ಎಲ್ಲರಿಗೂ ಗೊತ್ತು. ಒಂದು ಮನೆಯ ವೀಡಿಯೋ ಇನ್ನೊಂದು ಮನೆಯ ಕಡೆಯ ಮುಖದರ್ಶನ ತಪ್ಪಿಸಬಾರದು.

ತೂಕದ ಲೆಕ್ಕ

ಡ್ರೋನ್‌ಗಳನ್ನು ತೂಕದ ಮೇಲೆ ವಿಂಗಡಿಸಿದ್ದಾರೆ. 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕಿಲೋ ತನಕ ಮೈಕ್ರೋ, 2ರಿಂದ 25 ಕಿಲೋ ತನಕ ಸ್ಮಾಲ್. ಅದಕ್ಕಿಂತ ದೊಡ್ಡವು ಮದುವೆ ಮನೆಗೆ ಬರುವುದಿಲ್ಲ.

ನ್ಯಾನೋ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ, ವಿಮೆಯೂ ಕಡ್ಡಾಯ ಅಲ್ಲ. ಕೆಲವು ಕಂಪೆನಿಗಳು 249 ಗ್ರಾಂ ತೂಕದ ಡ್ರೋನ್ ಮಾಡುವ ಗುಟ್ಟು ಇದೇ. ಆದರೆ "ನ್ಯಾನೋ ಆದ್ರೆ ಎಲ್ಲಿ ಬೇಕಾದ್ರೂ ಹಾರಿಸಬಹುದು" ಎನ್ನುವುದು ಶುದ್ಧ ತಪ್ಪು. ಕೆಂಪು, ಹಳದಿಯ ನಿಯಮ 249 ಗ್ರಾಂಗೂ ಒಂದೇ.

ಮೈಕ್ರೋದಲ್ಲಿ ಎರಡು ದಾರಿ. ಸ್ವಂತ ಖುಷಿಗೆ ಹಾರಿಸಿದರೆ ಪ್ರಮಾಣಪತ್ರ ಬೇಡ. ದುಡ್ಡು ತಗೊಂಡು ಮದುವೆ ಶೂಟ್ ಮಾಡಿದರೆ ಅದು ವಾಣಿಜ್ಯ ಬಳಕೆ, ಆಗ ಪ್ರಮಾಣಪತ್ರ ಬೇಕು. ಅದನ್ನು ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಮಾನ್ಯ ಮಾಡಿದ ತರಬೇತಿ ಸಂಸ್ಥೆಗಳ ಮೂಲಕ. ವಯಸ್ಸು 18ರಿಂದ 65ರೊಳಗೆ, ಹತ್ತನೇ ತರಗತಿ ಪಾಸ್, ಜೊತೆಗೆ ತರಬೇತಿ. ಪ್ರಮಾಣಪತ್ರ 10 ವರ್ಷ ಚಾಲ್ತಿಯಲ್ಲಿರುತ್ತದೆ. ಮೊದಲು ಪಾಸ್‌ಪೋರ್ಟ್ ಬೇಕಿತ್ತು. 2023ರ ತಿದ್ದುಪಡಿಯ ನಂತರ ವೋಟರ್ ಐಡಿ, ರೇಷನ್ ಕಾರ್ಡ್, ಡ್ರೈವಿಂಗ್ ಲೈಸನ್ಸ್ ಕೂಡ ನಡೆಯುತ್ತದೆ.

ಬಾಡಿಗೆಗೆ ಬರುವ ಡ್ರೋನ್ ನೋಂದಣಿ ಆಗಿ ಅದಕ್ಕೊಂದು ವಿಶಿಷ್ಟ ಗುರುತಿನ ಸಂಖ್ಯೆ ಸಿಕ್ಕಿರಬೇಕು. ಕಾರಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಶುಲ್ಕ ಬರೀ 100 ರೂಪಾಯಿ. ನ್ಯಾನೋಗಿಂತ ದೊಡ್ಡದಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ತೆಂಗಿನ ಗರಿಗೆ ಸಿಕ್ಕಿಯೋ ಗಿಡುಗ ಬಡಿದೋ ಡ್ರೋನ್ ಬಿದ್ದರೆ ಬೀಳುವುದು ಜನರ ಮೇಲೆ, ಮಕ್ಕಳ ಮೇಲೆ, ನಿಲ್ಲಿಸಿದ ಕಾರಿನ ಮೇಲೆ. ವಿಮೆ ಇಲ್ಲದಿದ್ದರೆ ಆಸ್ಪತ್ರೆ ಖರ್ಚಿನ ಮಾತು ಮದುವೆ ಮನೆಯಲ್ಲೇ ಜಗಳವಾಗಿ ಮುಗಿಯುತ್ತದೆ. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕೆಂದೂ ನಿಯಮ ಇದೆ. ನಿಯಮ ಮೀರಿದರೆ ದಂಡ 1 ಲಕ್ಷ ರೂಪಾಯಿ ತನಕ.

ದುಬೈಯಿಂದ ಡ್ರೋನ್ ತರಬಹುದಾ?

ಇದು ನಮ್ಮ ಮನೆಗಳಲ್ಲಿ ಹೆಚ್ಚು ಕೇಳುವ ಪ್ರಶ್ನೆ. ಉತ್ತರ ಚಿಕ್ಕದು: ತರಬೇಡಿ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದು ನಿಷೇಧವಾಗಿದೆ. ಪೂರ್ತಿ ಜೋಡಿಸಿದ್ದಾಗಲಿ, ಬಿಚ್ಚಿ ತಂದದ್ದಾಗಲಿ ಎರಡೂ ನಿಷಿದ್ಧ. ಸಂಶೋಧನೆ, ರಕ್ಷಣೆ, ಭದ್ರತೆಯ ಉದ್ದೇಶಕ್ಕೆ ಮಾತ್ರ ವಿನಾಯಿತಿ, ಅದಕ್ಕೂ ಅನುಮತಿ ಬೇಕು. ತಮ್ಮನ ಮದುವೆಗೆಂದು ತಂದ ಗಿಫ್ಟ್ ಆ ಪಟ್ಟಿಯಲ್ಲಿ ಬರುವುದಿಲ್ಲ. ಚಾಕಲೇಟ್, ಸೆಂಟ್ ನಡುವೆ ಮಡಚಿಟ್ಟರೂ ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ಕಸ್ಟಮ್ಸ್‌ನವರು ಜಪ್ತಿ ಮಾಡಿದರೆ ದುಡ್ಡೂ ಹೋಯಿತು, ರಜೆಯ ಮೊದಲ ದಿನವೂ ಹೋಯಿತು. ಇನ್ನೊಬ್ಬರು "ಊರಿಗೆ ಹೋಗುವಾಗ ಇದೊಂದು ಬಾಕ್ಸ್ ತಗೊಂಡು ಹೋಗಿ" ಎಂದು ಕೊಟ್ಟರೂ ತೆರೆದು ನೋಡದೆ ತರಬೇಡಿ.

ಹೇಗೋ ಒಳಗೆ ಬಂತೆಂದೇ ಇಟ್ಟುಕೊಳ್ಳಿ. ಅದಕ್ಕೆ ಗುರುತಿನ ಸಂಖ್ಯೆ ಸಿಗುವುದು ಕಷ್ಟ. ಸಂಖ್ಯೆ ಇಲ್ಲದೆ ಕಾನೂನು ಪ್ರಕಾರ ಹಾರಿಸುವ ಹಾಗಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಡ್ರೋನ್ ಕೊಳ್ಳುವವರೂ ಮೊದಲು ಕೇಳಬೇಕಾದದ್ದು ಆ ಸಂಖ್ಯೆಯನ್ನೇ.

ಗಲ್ಫ್‌ನಲ್ಲಿ ದುಡಿಯುವವರಿಗೆ ಈ ಬಿಗಿ ಹೊಸತಲ್ಲ. ಅಬುಧಾಬಿ ಮೇಲೆ ಡ್ರೋನ್ ದಾಳಿಯಾದ 2022ರ ಜನವರಿಯಲ್ಲೇ ಯುಎಇ ಖಾಸಗಿ ಡ್ರೋನ್ ಹಾರಾಟವನ್ನು ನಿಲ್ಲಿಸಿತ್ತು. ಅಲ್ಲಿ ಒಂದು ಸಿಗ್ನಲ್ ಕೂಡ ಜಂಪ್ ಮಾಡದ ನಾವು ಇಲ್ಲಿಗೆ ಬಂದ ಕೂಡಲೇ "ನಮ್ಮ ಊರಲ್ಲವಾ, ಏನಾಗ್ತದೆ" ಎನ್ನುವುದು ಯಾಕೆ?

ನೆರೆಮನೆಯ ಅಂಗಳ

ನಕಾಶೆ ಹಸಿರಾಗಿದೆ, ಪ್ರಮಾಣಪತ್ರ ಉಂಟು, ವಿಮೆಯೂ ಉಂಟು. ಅಷ್ಟಾದರೆ ಮುಗಿಯಿತಾ? ನಮ್ಮ ಮಟ್ಟಿಗೆ ಮುಖ್ಯ ಪ್ರಶ್ನೆ ಉಳಿದೇ ಇದೆ.

ಮದುವೆಯಲ್ಲಿ ಹೆಂಗಸರಿಗೆ ಬೇರೆ ಹಾಲ್, ಬೇರೆ ಬಾಗಿಲು, ನಡುವೆ ಪರದೆ. ಇದಕ್ಕೆಲ್ಲ ಖರ್ಚು ಮಾಡುತ್ತೇವೆ. ಗಂಡಸರ ಕಡೆಯ ಕ್ಯಾಮರಾದವನು ಅತ್ತ ಸುಳಿದರೆ ಹಿರಿಯರು ಗದರಿಸುತ್ತಾರೆ. ಅದೇ ಹೊತ್ತಿಗೆ ಅವನ ಡ್ರೋನ್ ಪರದೆಯ ಮೇಲಿಂದ ಸಾಗಿ ಹಿಂದಿನ ಅಂಗಳವನ್ನು, ಕೈತೊಳೆಯುವ ಜಾಗವನ್ನು, ಮಕ್ಕಳಿಗೆ ಹಾಲೂಡಿಸುತ್ತ ಕೂತ ತಾಯಂದಿರನ್ನು ಹಿಡಿಯುತ್ತಾ ಹೋಗುತ್ತದೆ. ಎಲ್ಲರೂ ತಲೆಯೆತ್ತಿ ಕೈಬೀಸುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಆ ವೀಡಿಯೋ ಯೂಟ್ಯೂಬ್‌ಗೆ ಬಿದ್ದ ಮೇಲೆ ಫೋನ್ ಬರುತ್ತದೆ: "ನಮ್ಮ ಮಗಳು ಕಾಣ್ತಾಳೆ, ತೆಗೆಸಿ ಮಾರಾಯ್ರೆ."

ನೆರೆಮನೆಯವರ ಕಥೆ ಇನ್ನೂ ಬೇರೆ. ಅವರು ಮದುವೆಗೆ ಬಂದವರೂ ಅಲ್ಲ. ಅವರ ತಾರಸಿಯಲ್ಲಿ ಬಟ್ಟೆ ಒಣಗಿಸುವ ಹೆಂಗಸು ತಲೆಗೆ ಶಾಲು ಹಾಕಿಕೊಂಡಿರಬೇಕೆಂದೇನಿಲ್ಲ, ಅದು ಅವರ ಮನೆ. ಆ ಮನೆಯವರು ಯಾವ ಧರ್ಮದವರಾದರೂ ಮಾತು ಒಂದೇ. ಸೂರಃ ಅನ್ನೂರ್‌ನ 27ನೇ ಆಯತ್ ಇನ್ನೊಬ್ಬರ ಮನೆಗೆ ಒಪ್ಪಿಗೆ ಕೇಳದೆ, ಸಲಾಂ ಹೇಳದೆ ಹೋಗಬಾರದೆಂದು ಕಲಿಸುತ್ತದೆ. ಮದ್ರಸದಲ್ಲಿ ಉಸ್ತಾದರು ಇದನ್ನು ಹೇಳಿಕೊಡುವಾಗ ಬಾಗಿಲ ಸಂದಿಯಿಂದ ಇಣುಕುವುದೂ ತಪ್ಪೆಂದು ಹೇಳಿಕೊಟ್ಟಿದ್ದಾರೆ. ಬಾಗಿಲಿನಿಂದ ಇಣುಕುವುದು ತಪ್ಪಾದರೆ ಮಾಡಿನ ಮೇಲಿಂದ ಇಣುಕುವುದು ಸರಿಯಾಗುವುದು ಹೇಗೆ?

ದೇಶದ ಕಾನೂನಿನ ಮಾತೂ ಹೀಗೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹೆಣ್ಣೊಬ್ಬಳ ಖಾಸಗಿ ಕ್ಷಣವನ್ನು ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು, ದಂಡ. ಡ್ರೋನ್‌ನಿಂದ ಚಿತ್ರಿಸಿದರೂ ಅದು ಅಪರಾಧವೇ.

ದಾಖಲೆ ಇದ್ದರೆ ಮಾತು ಚಿಕ್ಕದು

ಕರಾವಳಿಯಲ್ಲಿ ಕೆಲವು ದಿನ ಸಣ್ಣ ಮಾತೂ ದೊಡ್ಡದಾಗುತ್ತದೆ. ಬಂದರಿನ ಹತ್ತಿರವೋ, ಯಾವುದೋ ಮೆರವಣಿಗೆಯ ಸಮೀಪವೋ ನಮ್ಮ ಹುಡುಗನೊಬ್ಬ ಡ್ರೋನ್ ಹಾರಿಸುತ್ತಿದ್ದನೆಂದರೆ, ಅವನು ಹಾರಿಸಿದ್ದು ಸೂರ್ಯಾಸ್ತದ ಚಿತ್ರಕ್ಕಾಗಿ ಎಂದು ನಂಬುವವರಿಗಿಂತ ಬೇರೆ ಕಥೆ ಕಟ್ಟುವವರೇ ಮೊದಲು ಮೊಬೈಲ್ ತೆರೆಯುತ್ತಾರೆ. ಇದು ನ್ಯಾಯ ಅಲ್ಲ, ಆದರೆ ಇರುವ ಸಂಗತಿ. ಗುರುತಿನ ಸಂಖ್ಯೆ, ಪ್ರಮಾಣಪತ್ರ, ಆ ದಿನದ ನಕಾಶೆಯ ಸ್ಕ್ರೀನ್‌ಶಾಟ್, ಮದುವೆಯ ಕಾಗದ ಕೈಯಲ್ಲಿದ್ದರೆ ಠಾಣೆಯಲ್ಲಿ ಹತ್ತು ನಿಮಿಷದ ಮಾತು. ಇಲ್ಲದಿದ್ದರೆ ತಿಂಗಳುಗಟ್ಟಲೆ ಅಲೆದಾಟ, ಕೋರ್ಟು, ಗಲ್ಫ್‌ಗೆ ಹೋಗಲು ವೀಸಾ ಕಾಯುತ್ತಿರುವ ಹುಡುಗನಾದರೆ ಪೊಲೀಸ್ ಕ್ಲಿಯರೆನ್ಸ್‌ನ ಚಿಂತೆ. ಹಸಿರು ವಲಯದಲ್ಲಿ ಹಾರಿಸುವುದಾದರೂ ಹತ್ತಿರದ ಠಾಣೆಗೆ ಒಂದು ಮಾತು ತಿಳಿಸಿಡುವುದು ಒಳ್ಳೆಯದು.

ಇಲ್ಲಿ ಜಮಾಅತ್ ಕಮಿಟಿಗಳು ಮಾಡಬಹುದಾದ ಸುಲಭದ ಕೆಲಸ ಒಂದುಂಟು. ಹಾಲ್ ಬುಕಿಂಗ್ ಫಾರ್ಮ್‌ನಲ್ಲಿ ಒಂದು ಸಾಲು ಸೇರಿಸಿ: ಡ್ರೋನ್ ಇದ್ದರೆ ದಾಖಲೆಯ ಪ್ರತಿ ಮೊದಲೇ ಕೊಡಬೇಕು, ಹೆಂಗಸರ ವಿಭಾಗದ ಮೇಲೆ ಹಾರಿಸಬಾರದು. ಉರೂಸ್, ಮೀಲಾದ್ ರ‍್ಯಾಲಿಯಂತಹ ಜನಜಂಗುಳಿಯ ದಿನ ಯಾರು ಹಾರಿಸಬೇಕೆಂದು ಕಮಿಟಿಯೇ ಒಬ್ಬರನ್ನು ನೇಮಿಸಲಿ. ನಾಲ್ಕು ಮಂದಿ ನಾಲ್ಕು ಕಡೆಯಿಂದ ಹಾರಿಸಿ ದಫ್ ಬಾರಿಸುವ ಮಕ್ಕಳ ತಲೆ ಮೇಲೆ ಬೀಳಿಸುವುದು ಬೇಡ.

ಹುಡುಗರಿಗೂ ಒಂದು ಮಾತು. ಡ್ರೋನ್ ಕೆಲಸ ಮದುವೆ ಸೀಸನ್‌ಗೆ ಮುಗಿಯುವುದಿಲ್ಲ. ಹಳ್ಳಿಗಳ ಮನೆ, ನಿವೇಶನ ಅಳೆಯುವ ಸ್ವಾಮಿತ್ವ ಯೋಜನೆ ನಡೆಯುವುದು ಡ್ರೋನ್‌ನಿಂದಲೇ. ಅಡಿಕೆ ತೋಟಕ್ಕೆ ಔಷಧ ಸಿಂಪಡಿಸಲೂ ಡ್ರೋನ್ ಪ್ರಯತ್ನ ನಡೆದಿದೆ, ಮರ ಹತ್ತುವವರು ಸಿಗದ ನಮ್ಮ ಜಿಲ್ಲೆಯಲ್ಲಿ ಅದರ ಬೆಲೆ ಎಲ್ಲರಿಗೂ ಗೊತ್ತು. ಇಂತಹ ಕೆಲಸಕ್ಕೆ ಬೇಕಾಗುವುದು ಪ್ರಮಾಣಪತ್ರ. ತರಬೇತಿಗೆ ದುಡ್ಡು ಬೇಕು ನಿಜ. ವಿದ್ಯಾರ್ಥಿವೇತನ ಕೊಡುವ ನಮ್ಮ ಟ್ರಸ್ಟ್‌ಗಳು, ಅನಿವಾಸಿ ಸಂಘಟನೆಗಳು ವರ್ಷಕ್ಕೆ ಒಬ್ಬಿಬ್ಬರಿಗೆ ಈ ತರಬೇತಿ ಕೊಡಿಸಿದರೆ ಒಂದು ಮನೆಯ ಒಲೆ ಉರಿಯುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ಕೇಳಿ

* ಹಾಲ್ ಅಥವಾ ಮನೆ ಇರುವ ಜಾಗ ನಕಾಶೆಯಲ್ಲಿ ಯಾವ ಬಣ್ಣ? ಎಷ್ಟು ಅಡಿ ತನಕ ಹಾರಿಸಬಹುದು?
* ಡ್ರೋನ್‌ನ ತೂಕ ಎಷ್ಟು, ಗುರುತಿನ ಸಂಖ್ಯೆ ಯಾವುದು?
* 250 ಗ್ರಾಂಗಿಂತ ಹೆಚ್ಚಾದರೆ ಹಾರಿಸುವವರ ಹೆಸರಲ್ಲೇ ರಿಮೋಟ್ ಪೈಲಟ್ ಪ್ರಮಾಣಪತ್ರ ಉಂಟಾ? ವಿಮೆ ಉಂಟಾ?
* ಮದುವೆ ದಿನ ಬೆಳಿಗ್ಗೆ ನಕಾಶೆಯನ್ನು ಮತ್ತೊಮ್ಮೆ ನೋಡುವವರು ಯಾರು?
* ಹೆಂಗಸರ ಕಡೆ, ನೆರೆಮನೆಗಳ ಮೇಲೆ ಹಾರಿಸುವುದಿಲ್ಲ ಎಂದು ಒಪ್ಪಿದ್ದಾರಾ? ಆಚೀಚೆ ಮನೆಯವರಿಗೆ ನಾವು ಹೇಳಿದ್ದೇವಾ?
* ನಮ್ಮ ಒಪ್ಪಿಗೆ ಇಲ್ಲದೆ ವೀಡಿಯೋವನ್ನು ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ಗೆ ಹಾಕುವುದಿಲ್ಲ ತಾನೇ?

ಇವಕ್ಕೆ ನೇರ ಉತ್ತರ ಕೊಡುವ ವೀಡಿಯೋದವರು ಸಿಕ್ಕಿದರೆ ನೂರು ರೂಪಾಯಿ ಹೆಚ್ಚಾದರೂ ಅವರಿಗೇ ಕೊಡಿ. "ಅದೆಲ್ಲ ಯಾರೂ ಕೇಳುವುದಿಲ್ಲ" ಎಂದವರ ಹತ್ತಿರ ಡ್ರೋನ್ ಬಿಟ್ಟು ಬಾಕಿ ವೀಡಿಯೋ ಮಾತ್ರ ಮಾಡಿಸಿ. ನಿಕಾಹ್‌ಗೆ ಅದರಿಂದ ಏನೂ ಕಮ್ಮಿಯಾಗುವುದಿಲ್ಲ. ಜಿದ್ದಾದಲ್ಲಿ ಕೂತ ಉಪ್ಪ ನೋಡಬೇಕೆಂದಿರುವುದು ಮಗಳ ಮುಖ, ಅದನ್ನು ಹಿಡಿಯಲು ಆಕಾಶಕ್ಕೆ ಏರಬೇಕಾಗಿಲ್ಲ.